ಚೌಕಾಬಾರದ ಮನೆಯಲ್ಲಿ ಲೆಕ್ಕದ ಪಾಠ

ಸಂಜೆ ಕಚೇರಿಯಿಂದ ಮನೆ ಸೇರಿ, ಕಾಫಿ ಮುಗಿಸಿ, "ಬಾ ಮಗು, ಮಗ್ಗಿ ಹೇಳು" ಎಂದು ಕರೆಯುವ ತಂದೆಯರಲ್ಲಿ ನಾನೂ ಒಬ್ಬ. ನಮ್ಮ ಆರು ವರ್ಷದ ಮಗಳು ಐದರ ಮಗ್ಗಿಯನ್ನು ಗಿಣಿಯಂತೆ ಒಪ್ಪಿಸುತ್ತಿದ್ದಳು. ನಡುವೆ ತಡೆದು "ಐದೇಳ್ಲ ಎಷ್ಟು?" ಎಂದರೆ ಮಾತ್ರ, ಮತ್ತೆ "ಐದೊಂದ್ಲ ಐದು" ಎಂದು ಮೊದಲಿನಿಂದಲೇ ಹೊರಡಬೇಕು. ಒಂದು ದಿನ ತಾಳ್ಮೆಗೆಟ್ಟು ಗದರಿಸಿದೆ. ಕಣ್ಣೀರು ಬಂದಿತೇ ಹೊರತು ಮೂವತ್ತೈದು ಬರಲಿಲ್ಲ.

ಆಗ ಊರಿನಿಂದ ಬಂದಿದ್ದ ನಮ್ಮ ತಾಯಿ ಏನೂ ಹೇಳದೆ ಕವಡೆಯ ಚೀಲ ಬಿಚ್ಚಿದರು. ಸೀಮೆಸುಣ್ಣದಿಂದ ನೆಲದ ಮೇಲೆ ಚೌಕಾಬಾರದ ಮನೆ ಬರೆದರು. ಸುತ್ತಲೂ ಹದಿನಾರು, ಒಳಗೆ ಎಂಟು, ನಡುವೆ ಒಂದು. ಒಟ್ಟು 25 ಮನೆ. ಕವಡೆ ನಾಲ್ಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಆಟ ಉಂಟು.

ಮೊದಲ ದಿನ ಮಗು ಒಂದೊಂದೇ ಮನೆಯನ್ನು ಬೆರಳಿಟ್ಟು ಎಣಿಸಿತು. ವಾರ ಕಳೆಯುವುದರೊಳಗೆ ಚೌಕದ ಮೇಲೆ ಮೂರು ಬಿದ್ದರೆ ಕಾಯಿ ನೇರವಾಗಿ ಏಳನೆಯ ಮನೆಗೆ ಹಾರುತ್ತಿತ್ತು. ಅಜ್ಜಿಯ ಕಾಯಿ ಐದು ಮನೆ ಮುಂದಿದ್ದರೆ "ಚೌಕ ಬಿದ್ದು ಒಂದು ಬೀಳಬೇಕು" ಎಂದು ಅದೇ ಹೇಳಿತು. ಹೊಡೆಯುವ ಆಸೆ ಕೂಡಿಸುವುದನ್ನು ಕಲಿಸಿತು!

ಕುಳಿತು ಆಡಲೊಲ್ಲದ ಮಕ್ಕಳಿಗೆ ಮಹಡಿಯ ಮೇಲೆ ಕುಂಟೆಬಿಲ್ಲೆ ಇದೆ. ಚೌಕಗಳಲ್ಲಿ ಅಂಕಿ ಬರೆದು, ಒಂದೊಂದು ಬಿಟ್ಟು ನೆಗೆಯಲು ಹೇಳಿದರೆ ಎರಡರ ಮಗ್ಗಿ ಕಾಲಿಗೇ ಬರುತ್ತದೆ. ಮೆಟ್ಟಿಲನ್ನು ಹತ್ತುತ್ತ ಕೂಡಬಹುದು, ಇಳಿಯುತ್ತ ಕಳೆಯಬಹುದು.

ಆದರೆ ಆಟವೊಂದೇ ಸಾಲದು ಎಂಬುದಕ್ಕೆ ನಮ್ಮ ದೆಹಲಿಯಲ್ಲಿಯೇ ಸಾಕ್ಷ್ಯ ದೊರೆತಿದೆ. ಎಲಿಜಬೆತ್ ಸ್ಪೆಲ್ಕೆ, ಎಸ್ತರ್ ಡುಫ್ಲೋ ಮೊದಲಾದವರು ಇಲ್ಲಿಯ ಬಾಲವಾಡಿಗಳ 1,540 ಮಕ್ಕಳನ್ನು ಕುರಿತು ನಡೆಸಿದ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ಲೆಕ್ಕದ ಆಟ ಆಡಿದ ಮಕ್ಕಳಲ್ಲಿ ಕಣ್ಣಂದಾಜಿನಿಂದ ಹೆಚ್ಚು ಕಡಿಮೆ ತಿಳಿಯುವ ಶಕ್ತಿ ಬೆಳೆದು, ಒಂದು ವರ್ಷದ ಮೇಲೂ ಉಳಿದಿತ್ತು. ಶಾಲೆಯ ಅಂಕಗಣಿತದಲ್ಲಿ ಮಾತ್ರ ಅವರು ಮುಂದಾಗಲಿಲ್ಲ. ದೆಹಲಿ, ಕಲ್ಕತ್ತೆಗಳ ಸಂತೆಯಲ್ಲಿ ದುಡಿಯುವ ಮಕ್ಕಳನ್ನು ಕುರಿತ 2025ರ ಅಧ್ಯಯನದಲ್ಲಿಯೂ ಇದೇ ಕಥೆ: ತರಕಾರಿಯ ಬೆಲೆಯನ್ನು ಬಾಯಲ್ಲೇ ಕೂಡಿಸುವ ಹುಡುಗ ಕಾಗದದ ಮೇಲಿನ ಲೆಕ್ಕಕ್ಕೆ ತಡವರಿಸುತ್ತಾನೆ. ಸಂತೆಯ ಲೆಕ್ಕಕ್ಕೆ ತಡವರಿಸುವವರು ಶಾಲೆಯ ಮಕ್ಕಳು.

ಆದ್ದರಿಂದ ಆಟಕ್ಕೂ ಪಾಟಿಗೂ ನಡುವೆ ಸೇತುವೆ ಬೇಕು. ಕವಡೆ ಬಿದ್ದೊಡನೆ 4 + 3 = 7 ಎಂದು ಮಗುವೇ ಬರೆಯಲಿ. ನಮ್ಮ ಮನೆಯಲ್ಲಿ ಈಗ ಆಟದ ಪಕ್ಕದಲ್ಲಿ ಒಂದು ಪಾಟಿ ಇರುತ್ತದೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಒಂದು ದಿನ ತರಕಾರಿಯವನು "ಉನ್‌ಸಠ್" ಎಂದುದನ್ನು ಮಗಳು 69 ಎಂದು ಬರೆದಳು. 'ಸಾಠ್' ಎಂದರೆ ಅರವತ್ತೆಂದು ಅವಳು ಬಲ್ಲಳು. ಹಿಂದಿಯಲ್ಲಿ ಅದು ಅರವತ್ತಕ್ಕೆ ಒಂದು ಕಡಿಮೆ ಎಂಬ ಮಾತು, ಅಂದರೆ 59. ಬಾರ ಎಂದರೆ ಮನೆಯಲ್ಲಿ ಎಂಟು, ಬೀದಿಯಲ್ಲಿ ಹನ್ನೆರಡು! ಕನ್ನಡದಲ್ಲಿಯಾದರೋ ಐವತ್ತು, ಒಂಬತ್ತು ಎರಡೂ ಸೇರಿ ಐವತ್ತೊಂಬತ್ತು. ಹತ್ತರ ಸ್ಥಾನ, ಬಿಡಿಯ ಸ್ಥಾನ ಹೆಸರಿನಲ್ಲಿಯೇ ಕಾಣುತ್ತವೆ. ಶಾಲೆಯ ಭಾಷೆ ಯಾವುದೇ ಇರಲಿ, ಎಣಿಕೆಯನ್ನು ಮನೆಯಲ್ಲಿ ಕನ್ನಡದಲ್ಲಿ ಆಡಿಸಿದರೆ ಮಗುವಿಗೆ ಲೆಕ್ಕವೂ ತಿಳಿಯುತ್ತದೆ, ಭಾಷೆಯೂ ಉಳಿಯುತ್ತದೆ.

ಮೊನ್ನೆ "ಐದೇಳ್ಲ?" ಎಂದು ಕೇಳಿದೆ. ಮಗು ಕ್ಷಣ ಕಾಲ ಕಣ್ಣು ಮುಚ್ಚಿ, "ಐದೈದ್ಲ ಇಪ್ಪತ್ತೈದು, ಅದು ಇಡೀ ಚೌಕಾಬಾರದ ಮನೆ, ಇನ್ನೆರಡು ಸಾಲು ಸೇರಿಸಿದರೆ ಮೂವತ್ತೈದು" ಎಂದಿತು. ಗದರಿಸಿದ್ದ ತಂದೆಗೆ ಮರುಮಾತು ಹೊರಡಲಿಲ್ಲ.