ನಾಲ್ಕು ದಿನಕ್ಕೆ ಐದು ಮನೆ ಬೇಡ

ಏಪ್ರಿಲ್ ಎರಡನೇ ವಾರ ರಜೆ ಬಿದ್ದರೆ ಶಾಲೆ ಮತ್ತೆ ಶುರುವಾಗುವುದು ಮೇ ಕೊನೆಗೆ. ಇಷ್ಟು ದಿನವಿದ್ದೂ ನೆಂಟರ ಮನೆಗಳನ್ನೆಲ್ಲ ನಾಲ್ಕೇ ದಿನದಲ್ಲಿ ಸುತ್ತಿ ಮುಗಿಸುವುದೇಕೆ? ಮಕ್ಕಳ ಪಾಲಿಗೆ ಸಿಗುವುದು ಕಾರಿನ ಹಿಂದಿನ ಸೀಟು, ಮನೆಮನೆಯಲ್ಲೂ ಅದೇ ಶರಬತ್ತು, 'ಎಷ್ಟನೇ ಕ್ಲಾಸು ಪುಟ್ಟಾ?' ಎಂಬ ಅದೇ ಪ್ರಶ್ನೆ. ಒಂದೇ ಮನೆಯಲ್ಲಿ ವಾರ ಇದ್ದರೆ ಕಥೆಯೇ ಬೇರೆ. ಮಲೆನಾಡಿನಲ್ಲಾದರೆ ಅದು ಹಲಸಿನ ಹಪ್ಪಳದ ಕಾಲ. ಎಣ್ಣೆ ಸವರಿದ ಹಾಳೆಯ ಮೇಲೆ ಉಂಡೆ ಒತ್ತಲು, ಚಾಪೆಯಲ್ಲಿ ಒಣಹಾಕಲು, ಕಾಗೆ ಓಡಿಸಲು ಪುಟ್ಟ ಕೈಗಳು ನಿಜಕ್ಕೂ ಬೇಕು. ಕೆಲಸ ಸಿಕ್ಕ ಮಗು ನೆಂಟನಾಗಿ ಉಳಿಯುವುದಿಲ್ಲ.

ಆ ಮನೆಯವರಿಗೆ ಹೊರೆಯಲ್ಲವೇ? ಹೌದು, ಅದರಲ್ಲೂ ಹೆಂಗಸರಿಗೆ. ಅದಕ್ಕೇ ಹೋದ ದೊಡ್ಡವರು, ಗಂಡಸರೂ ಸೇರಿ, ಅಡುಗೆಗೆ, ಪಾತ್ರೆಗೆ ಕೈ ಹಾಕಬೇಕು. ಅಪ್ಪ-ಅಮ್ಮನಿಗೆ ಅಷ್ಟು ರಜೆ ಸಿಗದಿದ್ದರೆ ಸರದಿಯಂತೆ ಇರಬಹುದು. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಯಾವ ಮನೆ ಎಂದು ಫೆಬ್ರವರಿಯಲ್ಲೇ ಫೋನು ಮಾಡಿ ಕೇಳಿಬಿಡಿ.