ನಂಟು ಹೇಳಿಕೊಟ್ಟರೆ ಡೇಟಾಬೇಸ್ ದಾರಿ ತಪ್ಪದು

ಪುಣೆಯಲ್ಲಿರುವ ಹುಬ್ಬಳ್ಳಿಯವರಿಗೆ 580020 ಎಂದರೆ ಸಾಕು, ಊರಿನ ಹೆಸರು ಬೇರೆ ಹೇಳಬೇಕಾಗಿಲ್ಲ. ಡೇಟಾಬೇಸ್‌ಗೆ ಮಾತ್ರ ಇದು ಗೊತ್ತಿಲ್ಲ. ಊರು ಒಂದು ಕಾಲಂ, ಪಿನ್‌ಕೋಡ್ ಇನ್ನೊಂದು ಕಾಲಂ. ಎರಡಕ್ಕೂ ಸಂಬಂಧವೇ ಇಲ್ಲ ಎಂದು ಅದು ಲೆಕ್ಕ ಹಾಕುತ್ತದೆ.

ಇದು ದುಬಾರಿ ಲೆಕ್ಕ. ಇಲ್ಲಿ ನನ್ನ ಕೆಲಸ ಪಾರ್ಸೆಲ್ ವಿಳಾಸಗಳಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ. ಬೆಳಗಿನ ಡೆಲಿವರಿ ಪಟ್ಟಿ ತಡವಾದರೆ ಗಾಡಿಗಳು ಗೋದಾಮಿನಲ್ಲೇ ನಿಲ್ಲುತ್ತವೆ. ಪಾರ್ಸೆಲ್‌ಗೆ ಇಷ್ಟು ಎಂದು ದುಡಿಯುವ ಹುಡುಗರ ಅಂದಿನ ಗಳಿಕೆಗೆ ಪೆಟ್ಟು ಬೀಳುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಸಲಹೆ: ದೊಡ್ಡ ಸರ್ವರ್ ತನ್ನಿ.

ಅದಕ್ಕೆ ಮೊದಲು ಪ್ಲಾನರ್ ಏನೆಂದುಕೊಂಡಿದೆ ಎಂದು ನೋಡಬೇಕು. ಎಷ್ಟು ಸಾಲು ಸಿಗಬಹುದೆಂದು ಅಂದಾಜಿಸಿ, ಕ್ವೆರಿ ಓಡುವ ದಾರಿಯನ್ನು ಆರಿಸುವುದು ಇದೇ. ‘ಎಕ್ಸ್‌ಪ್ಲೇನ್ ಅನಲೈಜ್’ ಕೊಟ್ಟರೆ ಅದರ ಅಂದಾಜು, ನಿಜವಾದ ಸಂಖ್ಯೆ ಎರಡೂ ಪಕ್ಕಪಕ್ಕದಲ್ಲೇ ಕಾಣುತ್ತವೆ.

10 ಲಕ್ಷ ವಿಳಾಸಗಳಿವೆ ಎಂದುಕೊಳ್ಳಿ. ನೂರಕ್ಕೆ ಒಂದು ಹುಬ್ಬಳ್ಳಿಯದು, ಐನೂರಕ್ಕೆ ಒಂದು 580020ರದು. ಎರಡೂ ಷರತ್ತು ಹಾಕಿ ಕೇಳಿದರೆ ಪ್ಲಾನರ್ ಎರಡನ್ನೂ ಗುಣಿಸಿ, 20 ಸಾಲು ಸಿಗುತ್ತವೆ ಎನ್ನುತ್ತದೆ. ಆ ಪಿನ್‌ಕೋಡ್‌ನ ವಿಳಾಸಗಳೆಲ್ಲ ಹುಬ್ಬಳ್ಳಿಯವೇ ಆದ್ದರಿಂದ ಸಿಗುವುದು 2,000. ಇಪ್ಪತ್ತೇ ಎಂದು ನಂಬಿದ ಪ್ಲಾನರ್, ಪ್ರತಿ ಸಾಲಿಗೂ ಇನ್ನೊಂದು ಟೇಬಲ್‌ಗೆ ಹೋಗಿ ಹುಡುಕುವ ‘ನೆಸ್ಟೆಡ್ ಲೂಪ್’ ಆರಿಸಬಹುದು. ಆಗ ಅಂದಾಜಿಗಿಂತ ನೂರು ಪಟ್ಟು ಓಡಾಟ.

2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಇದಕ್ಕೆ ಮದ್ದಿದೆ. ‘ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್’ ಆದೇಶದಲ್ಲಿ ‘ಡಿಪೆಂಡೆನ್ಸೀಸ್’ ಎಂದು ಬರೆದು ಊರು, ಪಿನ್‌ಕೋಡ್ ಕಾಲಂಗಳನ್ನು ಹೆಸರಿಸಿ, ‘ಅನಲೈಜ್’ ಓಡಿಸಿದರೆ ಆಯಿತು. ಕ್ವೆರಿಯನ್ನು ತಿದ್ದಬೇಕಿಲ್ಲ.

ಮದ್ದಿಗೆ ಮಿತಿಯೂ ಇದೆ. ಹುಬ್ಬಳ್ಳಿ ಎಂದು ಬರೆದು ಪುಣೆಯ 411001 ಕೇಳಿದರೆ ಸಿಗುವ ಸಾಲು ಸೊನ್ನೆ. ಆದರೂ ‘ಡಿಪೆಂಡೆನ್ಸೀಸ್’ ನಂಬಿದ ಪ್ಲಾನರ್ ಬಹಳ ಸಾಲುಗಳಿವೆ ಎಂದುಕೊಳ್ಳುತ್ತದೆ. ಇಂಥ ಕಡೆ, 2019ರ 12ನೇ ಆವೃತ್ತಿಯಲ್ಲಿ ಬಂದ ‘ಎಂಸಿವಿ’ ನೆರವಾಗುತ್ತದೆ. ಹೆಚ್ಚಾಗಿ ಕಾಣುವ ಜೋಡಿಗಳನ್ನೇ ಅದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಈ ಎರಡೂ ಒಂದೇ ಟೇಬಲ್‌ನ ಕಾಲಂಗಳಿಗಷ್ಟೇ ಅನ್ವಯ.

ಯಾವ ಕಾಲಂಗೆ ಯಾವುದರ ನಂಟು ಎಂದು ಯಂತ್ರ ತಾನಾಗಿ ಹುಡುಕುವುದಿಲ್ಲ, ನಾವೇ ಹೇಳಬೇಕು. ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಾಲ್ಲೂಕು–ಜಿಲ್ಲೆ, ಕಾರಿನ ಮಾಡೆಲ್–ಕಂಪನಿಯಂಥ ಜೋಡಿಗಳು ನಿಮ್ಮಲ್ಲೂ ಇರುತ್ತವೆ. ದೊಡ್ಡ ಸರ್ವರ್‌ಗೆ ದುಡ್ಡು ಸುರಿಯುವ ಮೊದಲು ಅಂಥವರ ಜೊತೆ ಕುಳಿತು ಒಂದು ಚಹಾ ಕುಡಿಯಿರಿ.