ಐಸಿನ ಮೇಲಿನ ಕಿಣ್ವ

ಐಸ್ ಪುಡಿ ತುಂಬಿದ ಥರ್ಮೋಕೋಲ್ ಡಬ್ಬಿ. ಅದರಲ್ಲಿ ಕಿರುಬೆರಳಿನಷ್ಟುದ್ದದ ಪ್ಲಾಸ್ಟಿಕ್ ಕೊಳವೆ, ತಳದಲ್ಲಿ ಒಂದೆರಡು ಹನಿ ತಿಳಿದ್ರವ. ಸಂಶೋಧನಾ ವಿದ್ಯಾರ್ಥಿನಿ ಅದನ್ನು ಮಗುವನ್ನೆತ್ತುವಷ್ಟು ಜೋಪಾನವಾಗಿ ಎತ್ತಿಕೊಳ್ಳುತ್ತಾಳೆ. ಒಳಗಿರುವುದು ಫಾರ್ಮಾಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ, ಹನ್ಸೆನುಲಾ ಪಾಲಿಮಾರ್ಫಾ ಎಂಬ ಯೀಸ್ಟ್ ಕೊಟ್ಟದ್ದು.

ಈ ಯೀಸ್ಟಿನ ಬದುಕೇ ಸೋಜಿಗ. ಅದು ಮೆಥನಾಲ್ ಉಂಡು ಬೆಳೆಯಬಲ್ಲದು. ಉಂಡದ್ದು ಅರಗುವಾಗ ಮೈಯೊಳಗೇ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಶವ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿರುವ ಅದೇ ವಿಷ. ದಿನವೂ ಹೊಟ್ಟೆಯಲ್ಲಿ ಹುಟ್ಟುವ ಈ ವಿಷವನ್ನು ಇಳಿಸಲು ಯೀಸ್ಟ್ ಸಾಕಿಕೊಂಡ ಕಿಣ್ವವಿದು. ಯುಕ್ರೇನಿನ ಲ್ವಿವ್ ನಗರದ ವಿಜ್ಞಾನಿಗಳು ಯೀಸ್ಟಿನ ಜೀನ್ ತಿದ್ದಿ, ಈ ಕಿಣ್ವವನ್ನು ಹೇರಳವಾಗಿ ಪಡೆದು ಫಾರ್ಮಾಲ್ಡಿಹೈಡ್ ಅಳೆಯುವ ಸಂವೇದಕಗಳನ್ನು ಕಟ್ಟಿದ್ದಾರೆ.

ಅವಳು ಪಿಪೆಟ್ಟಿನಿಂದ ಒಂದು ಹನಿಯನ್ನು ಇಂಗಾಲದ ಕಪ್ಪು ಎಲೆಕ್ಟ್ರೋಡಿನ ಮೇಲೆ ಇಳಿಸುತ್ತಾಳೆ. ಕಿಣ್ವ ತೊಳೆದುಹೋಗದಂತೆ ಅಂಟಿಸಲು ಬಳಸುವುದು ಗ್ಲುಟರಾಲ್ಡಿಹೈಡ್, ಹಿಡಿಯಬೇಕಾದ ವಿಷದ ದಾಯಾದಿಯನ್ನೇ! ಒಣಗಿದ ಎಲೆಕ್ಟ್ರೋಡು ದ್ರಾವಣಕ್ಕಿಳಿಯುತ್ತದೆ. ಗ್ಲುಟಥಯೋನ್, ಎನ್‌ಎಡಿ ಎಂಬ ಸಹಾಯಕ ಅಣುಗಳೆರಡೂ ಜೊತೆಗಿವೆ. ಅವಿಲ್ಲದೆ ಈ ಕಿಣ್ವ ಕೈ ಆಡಿಸದು. ಪರದೆಯ ಮೇಲೆ ವಿದ್ಯುತ್ ಪ್ರವಾಹದ ಗೆರೆ ಚಪ್ಪಟೆಯಾಗಿ ಹರಿಯುತ್ತಿದೆ. ಅವಳು ಉಸಿರು ಬಿಗಿಹಿಡಿದು ಫಾರ್ಮಾಲ್ಡಿಹೈಡ್ ಬೆರೆಸುತ್ತಾಳೆ. ವಿಷದಿಂದ ಕಿಣ್ವ ಕಿತ್ತ ಎಲೆಕ್ಟ್ರಾನುಗಳನ್ನು ಎನ್‌ಎಡಿ ಹೊತ್ತು ತಂದು ಎಲೆಕ್ಟ್ರೋಡಿಗೆ ಒಪ್ಪಿಸುತ್ತದೆ. ಗೆರೆ ಏಳುತ್ತದೆ, ಏರುತ್ತದೆ, ಒಂದು ಎತ್ತರದಲ್ಲಿ ನಿಲ್ಲುತ್ತದೆ. ಆ ಎತ್ತರವೇ ವಿಷದ ಅಳತೆ.

ಮೀನು ಕೆಡದಂತೆ ಕೆಲವರು ಫಾರ್ಮಲಿನ್ ಬೆರೆಸುತ್ತಾರೆ. ಅದನ್ನು ಹಿಡಿಯಲು ಅಳತೆ ಯಾಕೆ ಮುಖ್ಯವೆಂದರೆ, ಬೊಂಬಿಲ್‌ನಂಥ ಮೀನುಗಳಲ್ಲಿ ಸತ್ತ ಮೇಲೆ ಫಾರ್ಮಾಲ್ಡಿಹೈಡ್ ತಾನಾಗಿಯೇ ಹುಟ್ಟುತ್ತದೆ. ಇದೆಯೆಂದಷ್ಟೇ ಹೇಳಿದರೆ ನಿರಪರಾಧಿ ಮೀನುಗಾರ್ತಿಯೂ ಸಿಕ್ಕಿಬೀಳುತ್ತಾಳೆ; ಎಷ್ಟಿದೆಯೆಂದು ಹೇಳಬೇಕು. 2018ರಲ್ಲಿ ಕೇರಳದ ಗಡಿಯಲ್ಲಿ ಫಾರ್ಮಲಿನ್ ಬೆರೆಸಿದ ಸಾವಿರಾರು ಕಿಲೋ ಮೀನು ಸಿಕ್ಕಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಕಾಗದದ ಪಟ್ಟಿ ಆಗ ಬಹಳ ನೆರವಾಯಿತು. ಆದರೆ ಅದು ಬಣ್ಣ ನೋಡಿ ಅಂದಾಜು ಮಾಡುವ ಪರೀಕ್ಷೆ, ನಿಖರ ಅಳತೆಯಲ್ಲ.

ಕೆಲಸ ಮುಗಿಯಿತು. ಕೊಳವೆ ಮತ್ತೆ ಐಸಿಗೆ ಹೋಗುತ್ತದೆ, ಸೆಖೆ ತಾಗಿದರೆ ಕಿಣ್ವ ಸೊರಗುತ್ತದೆ. ಮೀನಿಗೆ ಫಾರ್ಮಲಿನ್ ಹಾಕುವವರಲ್ಲಿ ಕೆಲವರು ಹಾಕುವುದೂ ಐಸಿನ ಖರ್ಚು ಉಳಿಸಲಿಕ್ಕೇ. ಐಸಿಲ್ಲದ ಕಡೆಗೇ ಈ ಸಂವೇದಕ ಹೋಗಬೇಕಾಗಿದೆ. ಬಂದರಿನ ಸೆಖೆಯಲ್ಲಿ ತಿಂಗಳಾದರೂ ಬಾಳುವ ಕಿಣ್ವವನ್ನು ನಮ್ಮ ಪ್ರಯೋಗಶಾಲೆಗಳು ಮೊದಲು ಕೊಡಲಿ.